ಲಂಡನ್ನಿನಲ್ಲಿ ಕೇಳಿದ ನಮ್ಮ ಕಣದ ಹಾಡು

ಸಾಂಬ್ರಾಣಿ ಊರಿನ ಹತ್ತಿರದ ಕಣ

ನನ್ನ ತಮ್ಮ ಹಾಡು ಎತ್ತಿದಾಗ ನಾನು ಸೊಲ್ಲು ಕೊಡಲಿಲ್ಲ. ಲಂಡನ್ನಿಗೆ ಹೋಗಿಬಂದ ಕಥೆ ಹೇಳು ಅಂದವರಿಗೆಲ್ಲ ನಾನು ವಿಮಾನದ ಊಟ, ಅಲ್ಲಿನ ಚಳಿ, ನೆಲದ ಕೆಳಗೆ ಓಡುವ ರೈಲು ಇವನ್ನೇ ಹೇಳುತ್ತ ಬಂದಿದ್ದೇನೆ. ಆದರೆ ಆ ಪ್ರಯಾಣ ಹುಟ್ಟಿದ್ದು ಈ ತಪ್ಪಿನಿಂದ. ಅದಕ್ಕೇ ಮೊದಲು ಅದನ್ನೇ ಬರೆಯುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಎಲ್ಲಾದರೂ ಎಡವಿದ್ದರೆ ಓದುವವರು ಸರಿಮಾಡಿಕೊಂಡು ಓದಬೇಕು.

ನಾವು ಸಿದ್ದಿಗಳು, ತಲೆಮಾರುಗಳ ಹಿಂದೆ ಆಫ್ರಿಕದಿಂದ ಬಂದವರ ಕುಲ, ಇಗರ್ಜಿಗೆ ಹೋಗುವ ಕ್ರಿಸ್ತರು. ಮನೆಯಲ್ಲಿ ಆಡುವುದು ಕನ್ನಡ ಬೆರೆತ ಕೊಂಕಣಿ. ಎಲ್ಲರಿಗೂ ತಿಳಿಯಲಿ ಅಂತ ಇಲ್ಲಿ ಮಾತುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದೇನೆ. ಊರಿನ ಗದ್ದೆ ಧಣಿಯದು, ದುಡಿಮೆ ನಮ್ಮದು. ಬತ್ತ ಒಕ್ಕಿ ಮುಗಿದ ದಿನ ಧಣಿಯ ಕಣದಲ್ಲಿ ನಮ್ಮವರು ಡಮಾಮಿ ಬಾರಿಸಿ ಹಾಡಿ ಕುಣಿಯಬೇಕು. ಡಮಾಮಿ ನಮ್ಮ ಡೋಲು. ಅದನ್ನು ಬಾರಿಸುವವನು ಹಾಡಿನಲ್ಲಿ ಒಂದು ಪ್ರಶ್ನೆ ಕೇಳುತ್ತಾನೆ, ಹೆಂಗಸರು ಹಾಡಿನಲ್ಲೇ ಉತ್ತರ ಕೊಡುತ್ತಾರೆ. ಆ ಉತ್ತರಕ್ಕೆ ಸೊಲ್ಲು ಅನ್ನುತ್ತೇವೆ. ಹೆಂಗಸರಲ್ಲಿ ಒಬ್ಬಳು ಮೊದಲು ಎತ್ತಿದರೆ ಉಳಿದವರು ಅವಳ ಬೆನ್ನಿಗೆ ಬರುತ್ತಾರೆ. ಅವ್ವನಿಗೆ ಉಬ್ಬಸ ಹತ್ತಿದ ಮೇಲೆ ಮೊದಲು ಎತ್ತುವವಳು ನಾನು.

“ಕಣಜ ತುಂಬಿತ್ಯಾತರಿಂದ?” ಅಂತ ಪ್ರಶ್ನೆ. “ಧಣಿಯ ಪುಣ್ಯದಿಂದ” ಅಂತ ಸೊಲ್ಲು. ನಮ್ಮ ಅಜ್ಜಿಯರ ಕಾಲದಿಂದ ಹಾಗೇ.

ಉಳುವವನೇ ಒಡೆಯ ಎಂಬ ಮಾತು ಊರೂರಿಗೆ ಹಬ್ಬುತ್ತಿದ್ದ ಕಾಲ ಅದು. ನನ್ನ ತಮ್ಮ ಬಸ್ತ್ಯಾಂವ ದಾಂಡೇಲಿಯಲ್ಲಿ ಬಿದಿರು ಇಳಿಸುವ ಕೆಲಸಕ್ಕೆ ಹೋಗಿ, ಗೇಟಿನ ಮುಂದೆ ಕೂಲಿಯವರ ಭಾಷಣ ಕೇಳಿ ಬಂದಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

“ಅಕ್ಕಾ, ನಾ ಹಳೇ ಪ್ರಶ್ನಿನ ಕೇಳ್ತೇನಿ. ನೀ ಸೊಲ್ಲಷ್ಟ ಬದಲ ಮಾಡು. ಧಣಿಯ ಪುಣ್ಯ ಅನಬ್ಯಾಡ. ನಮ್ಮ ರಟ್ಟೆಯಿಂದ ಅನ್ನು.”

“ಧಣ್ಯಾರು ಸಿಟ್ಟಿಗೆದ್ರ?”

“ಇಷ್ಟ ಮಂದಿ ಹೆಂಗಸರು ಕೂಡಿ ಅಂದ್ರ ಯಾರ ಮ್ಯಾಲ ಸಿಟ್ಟಾಗ್ತಾನ? ನನ್ನೊಬ್ಬನ ಬಾಯಿಗೆ ಬೆಲಿ ಇಲ್ಲ. ನೀ ಎತ್ತಿದ್ರ ಎಲ್ಲಾರೂ ಎತ್ತತಾರ.”

ಒಪ್ಪಿದೆ. ಗದ್ದೆಯ ಬದುವಿನ ಮೇಲೆ ಕೂತು ಇಬ್ಬರೂ ಹಾಡಿ ನೋಡಿದೆವು. ಹೊಸ ಸೊಲ್ಲು ನನ್ನ ಗಂಟಲಿಗೆ ಚೆನ್ನಾಗಿ ಒಗ್ಗಿತ್ತು.

ಹಾಡಿನ ದಿನ ಬೆಳಿಗ್ಗೆ ಕಣಕ್ಕೆ ಸೆಗಣಿ ಬಳಿಯುವಾಗ ಧಣಿಯ ಹೆಂಡತಿ ನನ್ನನ್ನು ಕರೆದರು. “ದಾಂಡೇಲಿ ಬಂಗೂರನಗರದಾಗ ನಮ್ಮ ತಂಗಿ ಮನಿಗೆ ಒಬ್ಬಾಕಿ ಬೇಕಂತ. ಗಿರಣಿ ಕ್ವಾರ್ಟರ್ಸು, ನಳದಾಗ ನೀರು, ಎರಡ ಹೊತ್ತಿನ ಊಟ. ನಿನ್ನ ಹೆಸರು ಹೇಳೇನಿ.” ಅಷ್ಟೇ ಅಂದರು. ಅವರಿಗೆ ನಮ್ಮ ಹೊಸ ಸೊಲ್ಲಿನ ಸುದ್ದಿ ಗೊತ್ತಿರಲಿಲ್ಲ.

ಮಧ್ಯಾಹ್ನ ಡಮಾಮಿ ಶುರುವಾಯಿತು. ಬಸ್ತ್ಯಾಂವ ಕೇಳಿದ: ಕಣಜ ತುಂಬಿತ್ಯಾತರಿಂದ? ಹೆಂಗಸರೆಲ್ಲ ನನ್ನ ಬಾಯಿ ನೋಡಿದರು. ನಾನು ಪಡಸಾಲೆಯಲ್ಲಿ ಕೂತ ಧಣಿಯ ಹೆಂಡತಿಯನ್ನು ನೋಡಿದೆ. ಅವನು ಮತ್ತೊಮ್ಮೆ ಕೇಳಿದ. ಮೂರನೇ ಸಲ ಕೇಳಿದ. ಪಡಸಾಲೆಯಿಂದ ಅವರೇ ನಕ್ಕು, “ಏನ ಮರತ ಬಿಟ್ಟಿರೇನ? ಧಣಿಯ ಪುಣ್ಯದಿಂದ ಅನ್ರೆ” ಅಂದರು. ಹೆಂಗಸರು ಹಾಗೇ ಅಂದರು. ನಾನೂ ಅಂದೆ. ಬಸ್ತ್ಯಾಂವ ಒಬ್ಬನೇ “ನಮ್ಮ ರಟ್ಟೆಯಿಂದ” ಅಂತ ಕೂಗಿದ. ತಾನೇ ಕೇಳಿ ತಾನೇ ಉತ್ತರ ಕೊಡುವ ಹಾಡುಗಾರನನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಧಣಿ ನಕ್ಕ. ಧಣಿಯ ಆಳುಗಳು ನಕ್ಕರು. ಆಮೇಲೆ ನಮ್ಮವರೇ ನಕ್ಕರು.

ಅವನು ಕೊರಳಿನಿಂದ ಡಮಾಮಿ ತೆಗೆದು ಕಣದ ನಡುವೆ ಇಟ್ಟು ನಡೆದುಬಿಟ್ಟ. ಜೋಯಿಡಾ ಕಡೆಗೆ ಹೋಗುವ ಲಾರಿ ಹತ್ತಿದನಂತೆ. ಅಲ್ಲಿಂದ ಗೋವಾ ಬಂದರು, ಬಂದರಿನಿಂದ ಹಡಗು.

“ಪಾಪ, ಹುಡುಗಿ ಹೆದರಿದ್ಲು” ಅಂತ ಊರೆಲ್ಲ ಅಂದಿತು. ನಾನೂ ಹೌದು ಅಂದೆ. ನನಗೆ ಹೆದರಿಕೆಯೇ ಆಗಿರಲಿಲ್ಲ. ನಳದ ನೀರು ಕಣ್ಣ ಮುಂದೆ ಬಂದಿತ್ತು.

ಬಂಗೂರನಗರ

ಆ ಕೆಲಸ ನನಗೆ ಸಿಕ್ಕಿತು. ಪಾತ್ರೆ, ಬಟ್ಟೆ, ಆಮೇಲೆ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವುದು. ನನ್ನ ಕೈಗುಣ ಒಳ್ಳೆಯದು ಅಂತ ಸಾಲಿನ ಬೇರೆ ಮನೆಗಳಿಂದಲೂ ಬಾಣಂತನಕ್ಕೆ ಕರೆ ಬರುತ್ತಿತ್ತು. ನಮ್ಮ ಬಾಯಾರ, ಅಂದರೆ ನಾನಿದ್ದ ಮನೆಯ ಯಜಮಾನಿಯ, ಮಗಳು ವಿಜಯಾ ಡಾಕ್ಟರ ಗಂಡನ ಜೊತೆ ಲಂಡನ್ನಿನಲ್ಲಿದ್ದಳು. ಅವಳಿಗೆ ದಿನ ತುಂಬುತ್ತ ಬಂದಾಗ ಬಾಯಾರು ಒಂದು ದಿನ ಊಟದ ನಡುವೆ ಅಂದರು: “ಅಲ್ಲಿ ದವಾಖಾನಿ ಇರಬಹುದು, ಎಣ್ಣಿ ಹಚ್ಚಾಕಿ ಇಲ್ಲಲ್ಲ. ರೋಜಿನ್ನ ಕರಕೊಂಡ ಹೋಗೂಣು.” ಸಾಹೇಬರ ತುತ್ತು ಕೈಯಲ್ಲೇ ನಿಂತಿತು. ಅಡುಗೆಮನೆಯಲ್ಲಿ ಉಣ್ಣುತ್ತಿದ್ದ ರೋಜಿಯ, ಅಂದರೆ ನನ್ನ, ತುತ್ತೂ ನಿಂತಿತು.

ನನ್ನ ತಮ್ಮ ಇದ್ದದ್ದೂ ಲಂಡನ್ನಿನಲ್ಲೇ. ಪ್ರತಿ ನತಾಲಿಗೆ, ಅಂದರೆ ಕ್ರಿಸ್‌ಮಸ್ಸಿಗೆ, ಅವ್ವನಿಗೆ ಒಂದು ಕಾರ್ಡು ಬರುತ್ತಿತ್ತು. ಮಂಜು ಬಿದ್ದ ಇಗರ್ಜಿಯ ಚಿತ್ರ, ಹಿಂದೆ ಅವನ ವಿಳಾಸ. ನನ್ನ ಹೆಸರು ಇರುತ್ತಿರಲಿಲ್ಲ.

ಮುಂಡಗೋಡದ ಕ್ಯಾಂಪಿನ ಟಿಬೆಟ್ ಹೆಂಗಸೊಬ್ಬಳಿಂದ ಸ್ವೆಟರ್ ತರಿಸಿದೆ. ತಮ್ಮ ನಾಡನ್ನು ಬಿಟ್ಟು ಬಂದ ಜನ ಹೆಣೆದದ್ದು, ನನ್ನನ್ನೂ ಬೆಚ್ಚಗಿಡುತ್ತದೆ ಅನಿಸಿತು. ಅಣಶಿಯಲ್ಲಿರುವ ಮಾವ ಒಂದು ಬಾಟಲಿ ಹೆಜ್ಜೇನು ಕೊಟ್ಟ. ಅದು ಬಸ್ತ್ಯಾಂವನಿಗೆ. ನಮ್ಮಲ್ಲಿ ‘ತಪ್ಪಾಯಿತು’ ಅಂತ ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಮನಸ್ಸು ಮುರಿದ ಮನೆಗೆ ಜೇನೋ ಹುಂಜವೋ ಕಳಿಸುತ್ತೇವೆ. ಅವರು ಇಟ್ಟುಕೊಂಡರೆ ಮುಗಿಯಿತು, ಮಾತು ಬೇಕಿಲ್ಲ. ನಾನೂ ಹಾಗೇ ಮುಗಿಸಬೇಕೆಂದು ಹೊರಟಿದ್ದೆ.

ಅವ್ವ ಬಸ್ಸಿನ ಕಿಟಕಿಯ ಕೆಳಗೆ ನಿಂತು ಏದುಸಿರಿನಲ್ಲಿ ಒಂದೇ ಮಾತು ಅಂದಳು. “ಅಂವ ಅಲ್ಲಿ ಅನ್ನ ಉಣ್ತಾನೋ ಇಲ್ಲೋ, ನೋಡಕೊಂಡ ಬಾ.”

ಬೊಂಬಾಯಿ, ಆಮೇಲೆ ಆಕಾಶ

ವಿಮಾನ ನಿಲ್ದಾಣದ ಅಧಿಕಾರಿ ನನ್ನ ಪಾಸ್‌ಪೋರ್ಟು ನೋಡಿದ, ನನ್ನ ಮುಖ, ನನ್ನ ಗುಂಗುರು ಕೂದಲು ನೋಡಿದ, ಮತ್ತೆ ಪಾಸ್‌ಪೋರ್ಟು ನೋಡಿದ. ಹಿಂದಿಯಲ್ಲಿ ಯಾವ ದೇಶದವಳು ಅಂತ ಕೇಳಿದ. “ಹಳಿಯಾಳ ತಾಲೂಕು” ಅಂದೆ. ಅವನಿಗೆ ಅದು ಆಫ್ರಿಕದ ಊರಿನ ಹೆಸರಿನ ಹಾಗೆ ಕೇಳಿಸಿತೋ ಏನೋ, ಇನ್ನೊಬ್ಬನನ್ನು ಕರೆದ. ಬಾಯಾರು ಮುಂದೆ ಬಂದು, “ನಮ್ಮ ಮನಿ ಹುಡುಗಿ ರೀ ಇಕಿ, ನಿಮಗಿಂತ ಚೊಲೋ ಕನ್ನಡ ಮಾತಾಡ್ತಾಳ” ಅಂದರು. ಅವನು ಮರಾಠಿಯವನು. ಆದರೂ ಬಿಟ್ಟ.

ವಿಮಾನದಲ್ಲಿ ಬಾಟಲಿಯ ಮುಚ್ಚಳ ಸಡಿಲಾಗಿ ಜೇನು ಸ್ವೆಟರಿಗೆ ಇಳಿಯಿತು. ಲಂಡನ್ನಿನ ನಿಲ್ದಾಣದಲ್ಲಿ ತಪಾಸಣೆಗೆ ನನ್ನ ಚೀಲ ಬಿಚ್ಚಿದ ಹೆಣ್ಣುಮಗಳ ಬಿಳಿ ಕೈಗವಸೆಲ್ಲ ಅಂಟಂಟಾಯಿತು. ಅವಳು ನನ್ನನ್ನು ಬಯ್ಯುವ ಬದಲು ತಾನೇ “ಸಾರಿ” ಅಂದಳು. ಅದು ನಾನು ಆ ದೇಶದಲ್ಲಿ ಕೇಳಿದ ಮೊದಲ ಮಾತು. ಅರ್ಧ ಬಾಟಲಿ ಉಳಿದಿತ್ತು.

ಮೂರನೇ ಮಾಳಿಗೆ

ಆ ಜನ ಎಲ್ಲದಕ್ಕೂ ಸಾರಿ ಅನ್ನುತ್ತಾರೆ. ನಾವು ಅವರ ಕಾಲು ತುಳಿದರೆ ಅವರು ಸಾರಿ. ದಾರಿ ಕೇಳುವ ಮೊದಲು ಸಾರಿ. ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗಲೂ ಒಂದು ಸಾರಿ. ಮನಸ್ಸಿನಲ್ಲಿ ಏನೂ ಇಲ್ಲದೆ ಆ ಮಾತು ಅಷ್ಟು ಸುಲಭವಾಗಿ ಬರುವುದು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ವಿಜಯಾಗೆ ಗಂಡುಮಗು ಆಯಿತು. ಅವರ ಬಚ್ಚಲಿಗೆ ನೀರು ಹೋಗುವ ಕಿಂಡಿ ಇಲ್ಲ, ನೆಲಕ್ಕೆ ಜಮಖಾನ ಹಾಸಿದ್ದಾರೆ. ಬಚ್ಚಲಿಗೆ ಜಮಖಾನ ಹಾಸುವ ಜನರನ್ನೂ ದೇವರು ಸೃಷ್ಟಿಸಿದ್ದಾನೆ ಅಂತ ಅವ್ವನಿಗೆ ಹೇಳಿದರೆ ಈಗಲೂ ನಂಬುವುದಿಲ್ಲ. ನಾನು ಬಾಣಂತಿಯನ್ನು ಕೂರಿಸಿ ತಂಬಿಗೆ ತಂಬಿಗೆ ಬಿಸಿನೀರು ಎರೆದೆ. ನೀರು ಕೆಳಗಿನ ಮನೆಯ ಮುದುಕಿಯ ಹಾಸಿಗೆಗೆ ಇಳಿಯಿತು. ಅವಳು ಮೆಟ್ಟಿಲು ಹತ್ತಿ ಬಂದು ಸಾರಿ ಅಂದಳು. ನಾನು ಕೈಮುಗಿದೆ. ಬಾಯಾರು ಅವಳಿಗೆ ಒಂದು ತಟ್ಟೆ ಅಂಟಿನುಂಡೆ ಕೊಟ್ಟರು. ಆಮೇಲೆ ನೀರು ಇಳಿಯದಿದ್ದರೂ ಮುದುಕಿ ವಾರಕ್ಕೊಮ್ಮೆ ಬರತೊಡಗಿದಳು.

ಧಾರವಾಡದ ಬಸ್ಸಿನಲ್ಲಿ ಕೂತರೂ ಜನ ನನ್ನನ್ನು ಯಾವ ದೇಶದವಳು ಅಂತ ಕೇಳುತ್ತಿದ್ದರು. ಲಂಡನ್ನಿನಲ್ಲಿ ಯಾರೂ ಕೇಳಲಿಲ್ಲ. ನೋಡಿದ ಕೂಡಲೆ ಅವರೇ ತೀರ್ಮಾನ ಮಾಡಿಬಿಟ್ಟಿರುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ನನ್ನಂಥದೇ ಮೂಗು, ನನ್ನಂಥದೇ ಕೂದಲಿನ ಹೆಂಗಸು ಪಕ್ಕಕ್ಕೆ ಬಂದು ಕೂತು ಮೊಣಕಾಲು ತಟ್ಟಿ ಏನೇನೋ ಹೇಳಿದಳು. ಭಾಷೆ ತಿಳಿಯಲಿಲ್ಲ. ಇಳಿಯುವಾಗ ನನ್ನ ಸೀರೆಯ ಸೆರಗನ್ನು ಹಿಡಿದು ನೋಡಿ, ಯಾಕೋ ನಿಟ್ಟುಸಿರು ಬಿಟ್ಟಳು. ಅವತ್ತು ಇಡೀ ದಿನ ನನಗೆ ಊರಿನದೇ ಧ್ಯಾನ. ನಮ್ಮ ಹಳ್ಳದ ನೀರಿನ ವಾಸನೆ ಕೂಡ ಮೂಗಿಗೆ ಬಂದು ಹೋಯಿತು.

ಬಸ್ತ್ಯಾಂವನ ಕೋಣೆ

ವಿಜಯಾಳ ಗಂಡ ಡಾಕ್ಟರು ವಿಳಾಸ ಹುಡುಕಿ ನನ್ನನ್ನು ಬಿಟ್ಟುಹೋದರು. ಬಾಗಿಲು ತೆಗೆದವನ ತಲೆ ಎರಡೂ ಕಡೆ ನುಣ್ಣಗೆ ಬೋಳಿಸಿತ್ತು, ನಡುವೆ ಮಾತ್ರ ಹುಂಜದ ಜುಟ್ಟಿನ ಹಾಗೆ ಕೂದಲು. ಕಿವಿಯಲ್ಲಿ ಪಿನ್ನು. ನಮ್ಮಲ್ಲಿ ಪಿನ್ನನ್ನು ಬಳೆಗೆ ಸಿಗಿಸಿಕೊಳ್ಳುತ್ತೇವೆ, ಇವನು ಕಿವಿಗೆ. ನಾನು ತಪ್ಪು ಬಾಗಿಲಿಗೆ ಬಂದೆ ಅಂದುಕೊಂಡೆ.

“ಅಕ್ಕಾ.”

“ಇದೇನ ತಲಿ? ಹೇನಾಗಿದ್ದೂ ಏನ?”

“ಇಲ್ಲಿ ಹಿಂಗ ಮಾಡಿಸ್ಕೊಳ್ಳಾಕ ರೊಕ್ಕಾ ಕೊಡಬೇಕು.”

“ಊರಿಗೆ ಬಂದಿದ್ರ ನಾನ ಬೋಳಸತಿದ್ನೆಲ್ಲೋ.”

ನಕ್ಕ. ನಗು ಹಳೆಯದೇ. ಬಸ್ಸು ತೊಳೆಯುವ ಕೆಲಸಕ್ಕೆ ಇದ್ದಾನೆ, ಉಳಿದ ಹೊತ್ತು ಗೆಳೆಯರ ಜೊತೆ ಹಾಡು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಅವ್ವನಿಗೆ ಹೇಳಲು ಒಂದು ಸುದ್ದಿ ಆಯಿತು ಅಂತ ಸಮಾಧಾನವಾಯಿತು. ಅವನು ಅವ್ವನ ಉಬ್ಬಸ ಕೇಳಿದ, ನಾಯಿ ಕೇಳಿದ, ಹಳ್ಳದ ದಂಡೆಯ ಮಾವಿನ ಮರ ಕೇಳಿದ. ಕಣದ ವಿಷಯ ಕೇಳಲಿಲ್ಲ. ನಾನು ಜೇನಿನ ಬಾಟಲಿ ಕೊಟ್ಟೆ. ಬೆರಳಿಗೆ ಹಚ್ಚಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, “ಅಣಶೀದು” ಅಂದ. ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡ.

ಇಟ್ಟುಕೊಂಡ. ಮುಗಿಯಿತು ಅಂದುಕೊಂಡೆ. ಆದರೆ ಎದೆಯ ಭಾರ ಹಾಗೇ ಇತ್ತು.

ಆಗ ಗಿಟಾರು ಹೊತ್ತುಕೊಂಡು ಅವನ ಗೆಳೆಯ ಬಂದ. ದೀಪಕ್ ಅಂತ, ಪಂಜಾಬಿ ಹುಡುಗ, ಅವನ ಜುಟ್ಟು ಹಸಿರು. ಬಸ್ತ್ಯಾಂವ ಚಹಾಕ್ಕೆ ಹಾಲು ತರಲು ಹೋದಾಗ ದೀಪಕ್ ಹಿಂದಿಯಲ್ಲಿ ನನಗೆ ಅವರ ಹಾಡಿನ ವಿಷಯ ಹೇಳಿದ. ಕ್ವಾರ್ಟರ್ಸಿನಲ್ಲಿ ಕಲಿತ ನನ್ನ ಹಿಂದಿ ಅಷ್ಟಕ್ಕೆ ಸಾಕಾಯಿತು. ಅವನ ಬಾಯಲ್ಲಿ ನನ್ನ ತಮ್ಮ ‘ಬಾಸ್ಟಿನ್’ ಆಗಿದ್ದ.

“ದೀದಿ, ನಮ್ಮದು ಪಂಕ್. ಚೆಂದ ಹಾಡುವುದಲ್ಲ, ಸಿಟ್ಟು ಹಾಡುವುದು. ಇಲ್ಲಿ ಕರಿಯರನ್ನ, ನಮ್ಮನ್ನ ಪೊಲೀಸರು ಬೀದಿಯಲ್ಲಿ ನಿಲ್ಲಿಸಿ ಕಿಸೆ ತಡಕುತ್ತಾರೆ. ಮನೆಯ ಗೋಡೆಗೆ ‘ಊರಿಗೆ ಹೋಗಿ’ ಅಂತ ಬರೆಯುತ್ತಾರೆ. ಅದಕ್ಕೆ ಬಾಸ್ಟಿನ್ ಒಂದು ಹಾಡು ಕಟ್ಟಿದ್ದಾನೆ. ನಿಮ್ಮ ಬಸ್ಸು ತೊಳೆದವರು ಯಾರು ಅಂತ ಕೇಳುತ್ತಾನೆ. ಕೇಳಿದ ಮೇಲೆ ನಾವೆಲ್ಲ ಬಾರಿಸುವುದು ನಿಲ್ಲಿಸಬೇಕು. ಪೂರಾ ಮೌನ. ಮೊದಮೊದಲು ಜನ ‘ನಾವು’ ಅಂತ ಕೂಗುತ್ತಿದ್ದರು. ಕೂಗಿದರೆ ಇವನು ಹಾಡು ನಿಲ್ಲಿಸಿಬಿಡುತ್ತಿದ್ದ. ಈಗ ಯಾರೂ ಕೂಗುವುದಿಲ್ಲ.”

“ಯಾಕ ಸುಮ್ಮನಿರಬೇಕಂತ?”

“ಅವನ ಅಕ್ಕ ಹಾಗೆ ನಿಂತಿದ್ದಳಂತೆ. ಹೆದರಿ. ಹೆದರಿದವರ ಬಾಯಿಂದ ಮಾತು ಹೊರಡುವುದಿಲ್ಲ, ಅದು ಅವರ ತಪ್ಪಲ್ಲ, ಹೆದರಿಸಿದವರದು ಅನ್ನುತ್ತಾನೆ. ಆ ಮೌನವೇ ಹಾಡು.” ಅಷ್ಟು ಹೇಳಿದ ಮೇಲೆ ಆ ಅಕ್ಕ ನಾನೇ ಎಂದು ಅವನಿಗೆ ಹೊಳೆಯಿತು. ಹಸಿರು ಜುಟ್ಟು ಕೆರೆದುಕೊಂಡು, “ಸಾರಿ, ದೀದಿ” ಅಂದ.

ಭಾನುವಾರದ ಹಾಡು

ಹಾಡಿದ್ದು ಒಂದು ಇಗರ್ಜಿಯ ಹಿಂದಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ. ಬೆಳಿಗ್ಗೆ ಅಲ್ಲಿ ಮುದುಕಿಯರು ಚಹಾ ಕುಡಿದಿದ್ದ ಕಪ್ಪುಗಳು ಮೂಲೆಯಲ್ಲಿ ಹಾಗೇ ಇದ್ದವು. ಹುಡುಗ ಹುಡುಗಿಯರು ಹರಿದ ಅಂಗಿ ತೊಟ್ಟು ಬಂದಿದ್ದರು. ನಮ್ಮಲ್ಲಿ ಹರಿದದ್ದನ್ನು ಹೊಲಿದು ಉಡುತ್ತೇವೆ, ಅವರು ಹೊಲಿದದ್ದನ್ನು ಹರಿದು ಉಡುತ್ತಾರೆ.

ಹಾಡು ಶುರುವಾದದ್ದೇ ತಡ, ಎಲ್ಲರೂ ನಿಂತಲ್ಲೇ ಜಿಗಿಯತೊಡಗಿದರು. ನಮ್ಮ ಪುಗಡಿ ಕುಣಿತದಲ್ಲೂ ಜಿಗಿತ ಇದೆ, ಆದರೆ ಬೀಳಬಾರದು. ಇವರು ಬೀಳಲಿಕ್ಕೇ ಜಿಗಿಯುತ್ತಾರೆ. ಬಿದ್ದವರನ್ನು ನಾಲ್ಕು ಕೈ ಎತ್ತಿ ನಿಲ್ಲಿಸುತ್ತವೆ. ಅದು ನನಗೆ ಹಿಡಿಸಿತು. ಹಿಡಿಸದಿದ್ದದ್ದು ಉಗುಳುವುದು. ಒಬ್ಬ ಹುಡುಗ ನನ್ನ ತಮ್ಮನ ಕಡೆಗೆ ಉಗುಳಿದ. ಮೆಚ್ಚಿದರೆ ಉಗುಳುವುದು ಅಲ್ಲಿಯ ಪದ್ಧತಿ ಅಂತ ನನಗೇನು ಗೊತ್ತು? ಹೋಗಿ ಅವನ ಕಿವಿ ಹಿಂಡಿದೆ. ಕಿವಿಯಲ್ಲಿದ್ದ ಪಿನ್ನು ನನ್ನ ಬೆರಳಿಗೆ ಚುಚ್ಚಿತು. ಅವನು ಸಾರಿ ಅಂದು, ನನಗೆ ಕೂರಲು ಕುರ್ಚಿ ತಂದುಕೊಟ್ಟ.

ಆಮೇಲೆ ಆ ಹಾಡು ಬಂತು. ಗಿಟಾರಿನ ಗದ್ದಲದ ಕೆಳಗೆ ಬಸ್ತ್ಯಾಂವನ ಡ್ರಮ್ಮಿನ ಪೆಟ್ಟು ನಮ್ಮ ಕಣದ್ದೇ. ಎಷ್ಟು ಜೋರಾಗಿ ಬಾರಿಸಿದರೂ ನಡಿಗೆ ಅದೇ. ಇಂಗ್ಲಿಷಿನಲ್ಲಿ ಅವನು ಕೂಗಿ ಕೇಳಿದ. ಎಲ್ಲ ನಿಂತಿತು. ಜಿಗಿಯುತ್ತಿದ್ದವರೂ ನಿಂತರು. ಆ ಮೌನದಲ್ಲಿ ಹೊರಗಿನ ಬಸ್ಸಿನ ಸದ್ದು ಕೇಳಿಸಿತು. ಮತ್ತೆ ಬಾರಿಸಿದ, ಎರಡನೇ ಸಲ ಕೇಳಿದ. ಮತ್ತೆ ಮೌನ. ಇದು ನನ್ನ ಮೌನ. ಊರಿನ ಕಣದಲ್ಲಿ ಬಿಟ್ಟು ಬಂದೆ ಅಂದುಕೊಂಡದ್ದನ್ನು ಅವನು ಹಡಗಿನಲ್ಲಿ ಹೊತ್ತುಕೊಂಡು ಬಂದು, ತೊಳೆದು, ಜನರ ಮುಂದೆ ಗೌರವದಿಂದ ಇಟ್ಟಿದ್ದ.

ಮೂರನೇ ಸಲ ಅವನು ನಮ್ಮ ಮಾತಿನಲ್ಲೇ ಕೇಳಿದ. “ಕಣಜ ತುಂಬಿತ್ಯಾತರಿಂದ?”

ನಾನು ಕುರ್ಚಿಯಿಂದ ಎದ್ದು ಸೊಲ್ಲು ಎತ್ತಿದೆ. “ನಮ್ಮ ರಟ್ಟೆಯಿಂದ.” ಗದ್ದೆಯ ಆ ದಂಡೆಗೆ ಮುಟ್ಟುವ ದನಿ ಅದು, ಆ ಸಣ್ಣ ಕೋಣೆಗೆ ಹೆಚ್ಚಾಯಿತು. ಎಲ್ಲರೂ ತಿರುಗಿ ನೋಡಿದರು. ಬಸ್ತ್ಯಾಂವ ಕೋಲುಗಳನ್ನು ಡ್ರಮ್ಮಿನ ಮೇಲೆ ಮೆಲ್ಲಗೆ ಇಟ್ಟು, ಹಿಂದಿನ ಬಾಗಿಲಿನಿಂದ ನಡೆದುಬಿಟ್ಟ. ಅವತ್ತು ಕಣದಿಂದ ನಡೆದ ಹಾಗೆಯೇ. ಜನ ಇದೂ ಹಾಡಿನ ಭಾಗ ಅಂತ ಚಪ್ಪಾಳೆ ತಟ್ಟಿದರು. ಕಿವಿ ಹಿಂಡಿಸಿಕೊಂಡ ಹುಡುಗ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಬಸ್ ನಿಲ್ದಾಣ

ಅವನು ಬಸ್ ನಿಲ್ದಾಣದ ಗೋಡೆಗೆ ಒರಗಿ ನಿಂತಿದ್ದ. ಆ ದೇಶದಲ್ಲಿ ಚಳಿಗಾಲದ ಸಂಜೆ ಮಧ್ಯಾಹ್ನವೇ ಬಂದುಬಿಡುತ್ತದೆ.

“ಯಾರ ಕೇಳಿದ್ರು ನಿನ್ನ?” ಅಂದ.

“ನೀನ ಕೇಳಿದಿ.”

“ನಿನ್ನ ಕೇಳಿದ್ದು ಅವತ್ತು. ಇಲ್ಲಿ ನಾ ಕೇಳೂದು ಉತ್ತರಕ್ಕಲ್ಲ. ಹೆದರಿಸಿ ಇಟ್ಟ ಮಂದಿ ಹೆಂಗ ಸುಮ್ಮನಿರ್ತಾರ, ಅದನ್ನ ಇವರಿಗೆ ಕೇಳಸ್ತೇನಿ. ಆ ಮೌನಾನ ತುಂಬಾಕ ಬಂದಿ ನೀ.”

“ಸೊಲ್ಲು ಕೊಡೂದು ಬಾಕಿ ಇತ್ತು, ಬಸ್ತ್ಯಾಂವ.”

“ಈಗ ಕೊಟ್ರ ಆತೇನು? ಇಲ್ಲಿ ಯಾವ ಧಣಿ ಕುಂತಿದ್ದ ನಿನ್ನ ಮುಂದ?” ಅಂದ. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದ. “ಹೋಗ್ಲಿ ಬಿಡು. ಸಿಟ್ಟ ಇದ್ದಿದ್ರ ಈ ಹಾಡ ಕಟ್ತಿದ್ನೇನು? ಹಡಗಿನಾಗ ಬಾಳ ದಿನ ವಿಚಾರ ಮಾಡೇನಿ. ನೀ ಹೆದರಿದ್ದಿ. ಹೆದರಿದಾಕಿ ಮ್ಯಾಲ ನಂಗ ಸಿಟ್ಟಿಲ್ಲ. ಮುಂದಿನ ನತಾಲಿಗೆ ಊರಿಗೆ ಬರ್ತೇನಿ ಅಂತ ಅವ್ವಗ ಹೇಳು.”

ಅಷ್ಟು ದೂರ ಹೋದದ್ದು ಈ ಮಾತಿಗಾಗಿಯೇ. ಜೇನು ಇಟ್ಟುಕೊಂಡಿದ್ದ. ಊರಿಗೆ ಬರುತ್ತೇನೆ ಅಂದಿದ್ದ. ನಾನು ಆಗಲಿ ಅಂದು ಬಸ್ಸು ಹತ್ತಿದ್ದರೆ ಅವ್ವ ಕುಣಿಯುತ್ತಿದ್ದಳು. ಬಸ್ಸು ಬಂತು ಕೂಡ. ಅದರ ಬಾಗಿಲು ತೆರೆಯಿತು. ಹತ್ತಿದರೆ ಅವನು ಇನ್ನು ಬದುಕಿರುವವರೆಗೆ ಒಬ್ಬ ಹೆದರಿದ ಅಕ್ಕನ ಹಾಡು ಹಾಡುತ್ತಾನೆ. ಅಂಥ ಅಕ್ಕ ಅವನಿಗೆ ಇರಲೇ ಇಲ್ಲ.

ಬಸ್ಸು ಹೋಯಿತು.

“ನಾ ಹೆದರಿರಲಿಲ್ಲೋ,” ಅಂದೆ.

ಅವನಿಗೆ ತಿಳಿಯಲಿಲ್ಲ.

“ಅವತ್ತ ಮುಂಜಾನೆ ಧಣ್ಯಾರ ಹೇಣ್ತಿ ಕ್ವಾರ್ಟರ್ಸಿನ ಕೆಲಸ ಕೊಡಸ್ತೇನಿ ಅಂದಿದ್ರು. ಸೊಲ್ಲು ಎತ್ತಿದ್ರ ಕೆಲಸ ಹೋಗ್ತಿತ್ತು. ಅದಕ್ಕ ಸುಮ್ಮನ ನಿಂತೆ. ಎದಿ ಢವಢವ ಅಂದಿಲ್ಲ, ಕೈ ನಡಗಿಲ್ಲ. ನೀ ಮೂರನೇ ಸಲ ಕೇಳೂದರಾಗ ನಾ ಆ ಮನಿ ನಳದ ಕೆಳಗ ಕೊಡ ಹಿಡದ ನಿಂತಿದ್ನಿ. ಆ ಕೆಲಸಾನ ನನ್ನ ಇಲ್ಲಿತನಕ ಕರಕೊಂಡ ಬಂತು.”

ಅವನು ಕಿವಿಯ ಪಿನ್ನನ್ನು ತೆಗೆದ, ಮತ್ತೆ ಹಾಕಿಕೊಂಡ. ಬಿದ್ದ ಎಲೆಯೊಂದನ್ನು ಬೂಟಿನಿಂದ ಅತ್ತ ಇತ್ತ ಸರಿಸಿದ.

“ಮತ್ತ ನಾ ಇಷ್ಟ ದಿನ ಯಾರ ಹಾಡ ಹಾಡಿದ್ನಿ?” ಅಂದ.

ಇಂಗ್ಲಿಷಿನ ಆ ಮಾತು ನಾಲಿಗೆಯ ತುದಿಗೆ ಬಂತು. ಇಷ್ಟು ವಾರ ಕೇಳಿ ಕೇಳಿ ನನಗೂ ರೂಢಿಯಾಗಿತ್ತು. ನನ್ನ ತುಟಿ ನೋಡಿಯೇ ಅವನಿಗೆ ಗೊತ್ತಾಯಿತು.

“ಸಾರಿ ಅನಬ್ಯಾಡ. ಈ ಊರಾಗ ಬಸ್ಸಿನ ಕಂಬಕ್ಕ ಹಾಯ್ದ್ರೂ ಸಾರಿ ಅಂತಾರ.”

ನಾನು ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡೆ. ಅಲ್ಲಿ ಇನ್ನೂ ಜೇನಿನ ಅಂಟಿತ್ತು. ನಮ್ಮ ಮನೆಯಲ್ಲಿ ಅಪ್ಪ ಅವ್ವನಿಗೆ ಅಂದದ್ದನ್ನು, ಅವ್ವ ನಮಗೆ ಅಂದದ್ದನ್ನು ನಾನು ಒಮ್ಮೆಯೂ ಕೇಳಿರದ ಆ ಮಾತನ್ನು, ನಮ್ಮ ಮಾತಿನಲ್ಲಿಯೇ, ಅವನ ಕಣ್ಣು ನೋಡಿ ಅಂದೆ.

“ತಪ್ಪಾತು, ಬಸ್ತ್ಯಾಂವ. ನಿನ್ನ ಮಾರಕೊಂಡ್ನಿ. ನಂದ ತಪ್ಪು.”